ಸೋಮವಾರ ಶಾಲೆ ತಪ್ಪಿಸಿ ನೋಡಿದ ಗ್ರಹಣ

2024ರ ಏಪ್ರಿಲ್ 8, ಸೋಮವಾರ. ಅವತ್ತು ಚಂದ್ರನ ನೆರಳು ಮೆಕ್ಸಿಕೋ ದಾಟಿ, ಟೆಕ್ಸಸ್, ಇಂಡಿಯಾನಾ, ಒಹಾಯೋ ಮೇಲೆ ಹಾದು ಕೆನಡಾ ಕಡೆ ಹೋಗುತ್ತದೆ ಅಂತ ಎಷ್ಟೋ ವರ್ಷ ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಅಲಾಸ್ಕಾ ಬಿಟ್ಟರೆ ಅಮೆರಿಕದಲ್ಲಿ ಮುಂದಿನ ಪೂರ್ಣ ಸೂರ್ಯಗ್ರಹಣ ಕಾಣೋದು 2044ರ ಆಗಸ್ಟ್‌ನಲ್ಲಿ. ಅಷ್ಟೊತ್ತಿಗೆ ನನ್ನ ಚಿಕ್ಕ ಮಗನಿಗೂ ಮೂವತ್ತು ಹತ್ತಿರವಾಗಿರುತ್ತದೆ. ಅಮ್ಮನ ಪಕ್ಕ ಚಾಪೆ ಮೇಲೆ ಮಲಗಿ ಆಕಾಶ ನೋಡು ಅಂದರೆ ಕೇಳುತ್ತಾನಾ? ಹಾಗಾಗಿ ಹೋಗೋದು ಅಂತ ತೀರ್ಮಾನಿಸಲು ಐದು ನಿಮಿಷವೂ ಬೇಕಾಗಲಿಲ್ಲ. ತಲೆನೋವಾಗಿದ್ದು ಶಾಲೆಯ ಫಾರ್ಮ್.

ಮಕ್ಕಳು ಬರುವುದಿಲ್ಲ ಅಂದರೆ ಶಾಲೆಯ ಪೋರ್ಟಲ್‌ನಲ್ಲಿ ಕಾರಣ ಆರಿಸಬೇಕು. ಅನಾರೋಗ್ಯ, ಡಾಕ್ಟರ್ ಹತ್ತಿರ ಹೋಗಬೇಕು, ಮನೆಯಲ್ಲಿ ಸಾವು, ಕೋರ್ಟಿನ ಕೆಲಸ, ಧಾರ್ಮಿಕ ಕಾರಣ, ಇತರೆ. ಇವರು, ಅಂದರೆ ನನ್ನ ಗಂಡ, ತಡಮಾಡದೆ ‘ಧಾರ್ಮಿಕ’ದ ಮೇಲೆ ಬೆರಳಿಡಲು ಹೋದರು. “ಗ್ರಹಣ ಅಂದ್ರ ಧಾರ್ಮಿಕ ಅಲ್ಲೇನು? ಪಂಚಾಂಗದಾಗ ಬರತೈತಿ” ಅಂತ ವಾದ ಬೇರೆ. ನಾನು ಕೈ ಸರಿಸಿದೆ. ಜ್ವರ ಅಂತ ಹಾಕುವಂತೆಯೂ ಇರಲಿಲ್ಲ, ನಮ್ಮ ಮಗನ ಬಾಯಲ್ಲಿ ಗುಟ್ಟು ಒಂದು ಗಂಟೆ ನಿಲ್ಲುವುದಿಲ್ಲ. ‘ಇತರೆ’ ಒತ್ತಿ, ಪೂರ್ಣ ಸೂರ್ಯಗ್ರಹಣ ನೋಡಲು ಅಂತ ಇದ್ದದ್ದನ್ನೇ ಬರೆದೆ. ಮರುದಿನ ಉತ್ತರ ಬಂತು. ಕುಟುಂಬ ಪ್ರವಾಸ, ಅನ್‌ಎಕ್ಸ್‌ಕ್ಯೂಸ್ಡ್, ಅಂದರೆ ಶಾಲೆ ಒಪ್ಪದ ಗೈರುಹಾಜರಿ.

ಮನೆಯಲ್ಲಿ ಅತ್ತಿದ್ದು ಮಗ. ಆ ವರ್ಷ ಒಂದು ದಿನವೂ ಶಾಲೆ ತಪ್ಪಿಸಿರಲಿಲ್ಲ. ಪೂರ್ತಿ ಹಾಜರಾತಿಯ ಸರ್ಟಿಫಿಕೇಟ್ ಕೈ ತಪ್ಪುತ್ತದೆ ಅಂತ ಊಟ ಬಿಟ್ಟು ಕೂತ. ಆ ಸರ್ಟಿಫಿಕೇಟ್ ಬಗ್ಗೆ ನನಗೆ ಯಾವತ್ತೂ ಗೌರವ ಇಲ್ಲ. ಜ್ವರ ಇದ್ದರೂ ಬಂದು ನಾಲ್ಕು ಜನರಿಗೆ ಅಂಟಿಸಿದ ಮಗುವಿಗೂ ಅದೇ ಕಾಗದ ಸಿಗುತ್ತದೆ. ಮಗಳ ದೂರು ಬೇರೆ ಥರ. ಮಂಗಳವಾರ ಗಣಿತದ ಟೆಸ್ಟ್ ಇದೆ, ತಪ್ಪಿಸಿದರೆ ಅಂಕ ಕಟ್, ಅದಕ್ಕೆ ಜವಾಬ್ದಾರಿ ಯಾರು ಅಂತ ವಕೀಲರ ಹಾಗೆ ನಿಂತಳು.

ಇವರಿಗೆ ಸಿಟ್ಟು ಬಂದಿದ್ದು ಶಾಲೆಯಿಂದ ಬಂದ ಇನ್ನೊಂದು ಪತ್ರ ಓದಿ. ನಾವಿರುವ ಊರು ಪೂರ್ಣ ಗ್ರಹಣದ ದಾರಿಯಿಂದ ಹೊರಗಿತ್ತು. ಆದರೂ ಸೂರ್ಯ ಬಹುಪಾಲು ಮುಚ್ಚಿಕೊಳ್ಳುತ್ತಿದ್ದ. ಸುರಕ್ಷತೆಯ ದೃಷ್ಟಿಯಿಂದ ಮಕ್ಕಳನ್ನು ಆ ಹೊತ್ತಿನಲ್ಲಿ ಹೊರಗೆ ಬಿಡುವುದಿಲ್ಲ, ಕಿಟಕಿ ಪರದೆ ಇಳಿಸಿ ಕ್ಲಾಸಿನ ಒಳಗೇ ಲೈವ್ ವಿಡಿಯೋ ತೋರಿಸುತ್ತೇವೆ ಅಂತ ಆ ಪತ್ರ.

ಇವರು ಹುಬ್ಬಳ್ಳಿ ಕಡೆಯವರು. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣ ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಮೇಲೇ ಹಾದು ಹೋಗಿತ್ತು. ವಿಜ್ಞಾನಿಗಳು ಎಲ್ಲೆಲ್ಲಿಂದಲೋ ದುರ್ಬೀನು ಹೊತ್ತು ಬಂದಿದ್ದರು. ಮನೆ ಮುಂದಿನ ಅಂಗಳದಲ್ಲೇ ಎರಡು ನಿಮಿಷಕ್ಕೂ ಜಾಸ್ತಿ ಹೊತ್ತು ಹಗಲು ರಾತ್ರಿಯಾಯಿತು. ಊರಿನ ಬೀದಿಗಳು ಖಾಲಿ. “ನಮ್ಮಜ್ಜಿ ನನ್ನ ಒಳಗ ಹಾಕಿ ಬಾಗಲಾ ಹಾಕಿದ್ಲು. ಕಿಟಕಿಗೆ ಕಂಬಳಿ. ಹೊರಗ ಕೋಳಿ ಕೂಗಿದ್ದು ಅಷ್ಟ ಗೊತ್ತು ನನಗ” ಅಂತ ಇವರು ಮದುವೆಯಾದಾಗಿಂದ ಹೇಳುತ್ತಲೇ ಇದ್ದಾರೆ. ಶಾಲೆಯ ಪತ್ರ ಓದಿ ಫೋನನ್ನು ಮೇಜಿನ ಮೇಲೆ ಕುಕ್ಕಿದರು. “ನನ್ನ ಅಜ್ಜಿ ಕೂಡಿ ಹಾಕಿದ್ಲು, ನನ್ನ ಮಕ್ಕಳನ್ನ ಈ ಪ್ರಿನ್ಸಿಪಾಲ್ ಕೂಡಿ ಹಾಕ್ತಾಳ?”

ಮಗಳು ಆಮೇಲೆ ಟೆಸ್ಟ್ ವಿಷಯ ಎತ್ತಲಿಲ್ಲ.

ಭಾನುವಾರದ ಪ್ರಯಾಣದ ಬಗ್ಗೆ ಹೇಳುವಂಥದ್ದೇನಿಲ್ಲ. ರಸ್ತೆ, ಪೆಟ್ರೋಲ್ ಬಂಕ್, ಇನ್ನಷ್ಟು ರಸ್ತೆ. ನಾವು ಆರಿಸಿಕೊಂಡಿದ್ದು ಇಂಡಿಯಾನಾದ ಬ್ಲೂಮಿಂಗ್ಟನ್. ಅಲ್ಲಿ ಪೂರ್ತಿ ಕತ್ತಲೆ ಸುಮಾರು ನಾಲ್ಕು ನಿಮಿಷ. ಟೆಕ್ಸಸ್‌ನಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಇತ್ತು, ಆದರೆ ಮೋಡದ ಮುನ್ಸೂಚನೆ ನೋಡಿ ಅದನ್ನು ಬಿಟ್ಟೆವು. ಊರು ತಲುಪಿ ಹೋಟೆಲ್ ಕೌಂಟರ್‌ನಲ್ಲಿ ನಿಂತಾಗ ಗೊತ್ತಾಯಿತು, ಭಾನುವಾರ ರಾತ್ರಿಯ ರೂಮು ಇದೆ, ಸೋಮವಾರ ರಾತ್ರಿಯದ್ದು ಇಲ್ಲ. ತಿಂಗಳುಗಟ್ಟಲೆ ಮೊದಲು ಎರಡೂ ರಾತ್ರಿಗೆ ಬುಕ್ ಮಾಡಿದ ಇಮೇಲ್ ತೋರಿಸಿದೆ. ಸಿಸ್ಟಮ್‌ನಲ್ಲಿ ಇಲ್ಲ ಅಂದರು. ಖಾಲಿ ರೂಮು ಇದೆಯಾ ಅಂದರೆ ಇದೆ, ಆದರೆ ಮೊದಲಿನ ಬೆಲೆಯ ಮೂರು ಪಟ್ಟು! ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಗ್ರಹಣ ನೋಡಲು ಹೋಗುವವರಿಗೆ ಒಂದು ಮಾತು. ಬುಕ್ ಮಾಡಿದ ಮೇಲೆ ಸುಮ್ನೆ ಕೂರಬೇಡಿ. ವಾರ ಮೊದಲು ಒಂದು ಸಲ, ಹಿಂದಿನ ದಿನ ಒಂದು ಸಲ ಹೋಟೆಲ್‌ಗೇ ಫೋನ್ ಮಾಡಿ, ಉತ್ತರ ಕೊಟ್ಟವರ ಹೆಸರು ಬರೆದಿಟ್ಟುಕೊಳ್ಳಿ.

ಸೋಮವಾರ ಆಕಾಶ ತಿಳಿಯಾಗಿತ್ತು. ತೆಳುವಾದ ಒಂದೆರಡು ಬಿಳಿ ಗೆರೆ, ಅಷ್ಟೇ. ಬರಿಯ ಕೊಂಬೆಗಳ ಮೇಲೆ ರೆಡ್‌ಬಡ್ ಮರಗಳು ನೇರಳೆ ಗುಲಾಬಿ ಹೂ ಬಿಟ್ಟಿದ್ದವು. ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ ದೊಡ್ಡ ಕಾರ್ಯಕ್ರಮ ಇತ್ತು, ನಟ ವಿಲಿಯಂ ಶಾಟ್ನರ್ ಬಂದಿದ್ದರು. ಗ್ರಹಣಕ್ಕೆ ನಿರೂಪಕರು ಯಾಕೆ ಬೇಕೋ ನನಗಂತೂ ಅರ್ಥವಾಗಲಿಲ್ಲ. ಊರಿನ ಒಂದು ಪಾರ್ಕಿಗೆ ಹೋಗಿ ಹುಲ್ಲಿನ ಮೇಲೆ ಚಾಪೆ ಹಾಸಿದೆವು. ಸುತ್ತ ಮಕ್ಕಳೇ ಮಕ್ಕಳು. ಗ್ರಹಣದ ದಾರಿಯಲ್ಲಿದ್ದ ಎಷ್ಟೋ ಶಾಲೆಗಳು ಅವತ್ತು ರಜೆ ಕೊಟ್ಟಿದ್ದವು. ಶಾಲೆ ಬಿಡುವ ಹೊತ್ತಿಗೇ ಕತ್ತಲಾಗುತ್ತದೆ, ಬಸ್ಸುಗಳು ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತವೆ ಅನ್ನುವುದು ಕಾರಣ. ಮಗ ಇದನ್ನು ಕೇಳಿ, “ಇವರದ್ದೆಲ್ಲ ಎಕ್ಸ್‌ಕ್ಯೂಸ್ಡ್ ಅಲ್ವಾ ಅಮ್ಮ?” ಅಂತ ಮುಖ ಸಣ್ಣ ಮಾಡಿದ.

ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಒಬ್ಬ ಹಿರಿಯ ಹೆಂಗಸು ಕೂತಿದ್ದರು. ಮಧ್ಯಾಹ್ನ 1.49ಕ್ಕೆ ಚಂದ್ರ ಸೂರ್ಯನ ಅಂಚನ್ನು ಕಚ್ಚಿದ ಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಸುಮ್ಮನೆ ಕಾಯುವುದೇ ಕೆಲಸ. ಮಾತು ಶುರುವಾಯಿತು. ಅವರು ಒಂದು ಶಾಲೆಯ ಆಫೀಸಿನಲ್ಲಿ ಹಾಜರಾತಿ ನೋಡಿಕೊಳ್ಳುತ್ತಿದ್ದವರಂತೆ, ಈಗ ನಿವೃತ್ತಿ. ಆರಿಸಿ ಆರಿಸಿ ಇವರ ಪಕ್ಕದಲ್ಲೇ ಚಾಪೆ ಹಾಸಿದ್ದೇವಲ್ಲ ಅಂತ ನಗು ಬಂತು. ಮಗ ತಡೆಯಲಾರದೆ ತನ್ನ ಸರ್ಟಿಫಿಕೇಟಿನ ಕಥೆ ಹೇಳಿಯೇಬಿಟ್ಟ.

“ರಜೆಗೆ ಅಂತ ಹೋಗುವ ಮಕ್ಕಳ ಬಗ್ಗೆ ನಾನು ಯಾವತ್ತೂ ನಿದ್ದೆಗೆಟ್ಟಿಲ್ಲ” ಅಂದರು ಅವರು. “ಹೋಗುವ ಮೊದಲೇ ಅವರ ಅಮ್ಮ ನನಗೆ ಇಮೇಲ್ ಕಳಿಸುತ್ತಾಳೆ. ನನಗೆ ಚಿಂತೆ ಆಗುತ್ತಿದ್ದದ್ದು ಪ್ರತಿ ಸೋಮವಾರ ಕಾಣೆಯಾಗುವ ಹುಡುಗನ ಬಗ್ಗೆ. ಯಾರೂ ಫೋನ್ ಮಾಡುವುದಿಲ್ಲ. ನಾನು ಮಾಡಿದರೆ ಯಾರೂ ಎತ್ತುವುದಿಲ್ಲ.”

ಲೆಕ್ಕವನ್ನೂ ಹೇಳಿದರು. ಶಾಲೆ ನಡೆಯುವುದು ವರ್ಷಕ್ಕೆ 180 ದಿನ ಅಂತಿಟ್ಟುಕೊಳ್ಳಿ. ಹತ್ತು ಪರ್ಸೆಂಟ್ ತಪ್ಪಿಸಿದರೆ, ಅಂದರೆ 18 ದಿನ, ಆ ಮಗು ದೀರ್ಘಕಾಲದ ಗೈರುಹಾಜರಿಯ ಪಟ್ಟಿಗೆ ಸೇರುತ್ತದೆ. ಜ್ವರ, ಪ್ರವಾಸ, ಎಲ್ಲ ಸೇರಿಯೇ ಲೆಕ್ಕ. ತಿಂಗಳಿಗೆ ಎರಡು ದಿನ ತಪ್ಪಿದರೂ ಸಾಕು, ವರ್ಷ ಮುಗಿಯುವುದರೊಳಗೆ ಅಲ್ಲಿಗೆ ಮುಟ್ಟುತ್ತಾನೆ.

ಶಾಲೆಗಳು ಇಷ್ಟು ಕಟ್ಟುನಿಟ್ಟು ಮಾಡುವುದು ದುಡ್ಡಿಗೋಸ್ಕರ ಅಂತ ನಮ್ಮ ಸ್ನೇಹಿತರು ಹೇಳುತ್ತಾರೆ, ನಿಜವೇ ಅಂದೆ. ಅವರು ಮುಚ್ಚಿಡಲಿಲ್ಲ. ಟೆಕ್ಸಸ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಸರ್ಕಾರದ ಹಣ ದಿನದ ಸರಾಸರಿ ಹಾಜರಾತಿ ನೋಡಿಯೇ ಬರುತ್ತದೆ. ಮಗು ಕೂರದ ಕುರ್ಚಿಗೆ ದುಡ್ಡಿಲ್ಲ, ಆದರೆ ಆ ತರಗತಿಯ ಟೀಚರ್ ಸಂಬಳ, ದೀಪದ ಖರ್ಚು ಒಂದು ಪೈಸೆ ಕಡಿಮೆಯಾಗುವುದಿಲ್ಲ.

“ಇಂಗ್ಲೆಂಡಿನಲ್ಲಿ ಇನ್ನೂ ಬಿಗಿ, ಅಲ್ಲಿ ದಂಡವನ್ನೇ ಹಾಕುತ್ತಾರೆ” ಅಂತ ಇವರು ಮಧ್ಯೆ ಬಾಯಿ ಹಾಕಿದರು. ಅದು ಹೌದು. ಐಲ್ ಆಫ್ ವೈಟ್‌ನ ಒಬ್ಬ ಅಪ್ಪ ಮಗಳನ್ನು ಶಾಲೆ ಬಿಡಿಸಿ ಫ್ಲಾರಿಡಾಗೆ ಕರೆದುಕೊಂಡು ಹೋಗಿದ್ದ. ದಂಡ ಕಟ್ಟಲ್ಲ ಅಂತ ಹಟ ಹಿಡಿದ. ಕೆಳಗಿನ ಕೋರ್ಟುಗಳಲ್ಲಿ ಗೆದ್ದೂ ಬಿಟ್ಟ. ಆದರೆ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. ಅಷ್ಟಾದರೂ ಅಲ್ಲಿ ಎಷ್ಟೋ ಜನ ದಂಡವನ್ನು ಟಿಕೆಟ್ ಖರ್ಚಿನ ಜೊತೆ ಕೂಡಿಸಿಕೊಂಡೇ ಹೊರಡುತ್ತಾರೆ. ರಜೆಯಲ್ಲಿ ವಿಮಾನದ ದರ ಅಷ್ಟು ಏರುತ್ತದೆ.

ಆ ಹೆಂಗಸು ನಗಲಿಲ್ಲ. “ಒಂದು ವಿಷಯಕ್ಕೆ ಮಾತ್ರ ನನಗೆ ಪ್ರವಾಸದ ಅಪ್ಪ ಅಮ್ಮಂದಿರ ಮೇಲೆ ಕೋಪ ಇತ್ತು. ಹೊರಡುವ ಹಿಂದಿನ ದಿನ ಬಂದು, ಎರಡು ವಾರದ ಹೋಮ್‌ವರ್ಕ್ ಒಟ್ಟಿಗೆ ಕೊಡಿ ಅಂತಾರೆ. ಟೀಚರ್ ರಾತ್ರಿ ಮನೆಯಲ್ಲಿ ಕೂತು ಅದನ್ನು ತಯಾರು ಮಾಡಬೇಕು. ಮಗು ವಾಪಸು ಬಂದಾಗ ಆ ಕವರ್ ಬಿಚ್ಚಿಯೇ ಇರುವುದಿಲ್ಲ.”

ಇದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಡಿಸೆಂಬರ್ ರಜೆಗೆ ಭಾರತಕ್ಕೆ ಹೋಗುವಾಗ ಜನವರಿಯ ಎರಡು ವಾರ ಸೇರಿಸಿಕೊಳ್ಳುವ ಮನೆಗಳು ನಮ್ಮ ಪರಿಚಯದಲ್ಲಿ ಬೇಕಾದಷ್ಟಿವೆ. ಟಿಕೆಟ್ ಅಗ್ಗ, ಅಜ್ಜಿಯ ಜೊತೆ ಇನ್ನಷ್ಟು ದಿನ. ಅಜ್ಜಿಯ ಮಾತು ಬಂದರೆ ನಾನು ಸೋಲುತ್ತೇನೆ. ಬರೀ ಟಿಕೆಟ್ ಅಗ್ಗ ಅನ್ನುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಥೀಮ್ ಪಾರ್ಕು ಜೂನ್‌ನಲ್ಲೂ ಅಲ್ಲೇ ಇರುತ್ತದೆ. ಕ್ಯೂ ಉದ್ದ ಇರಬಹುದು, ನಿಲ್ಲಲಿ. ಇವರು ಇದಕ್ಕೆ ಒಪ್ಪುವುದಿಲ್ಲ. ದಿನವೆಲ್ಲ ಕ್ಯೂನಲ್ಲಿ ನಿಲ್ಲಿಸಿ ಏನು ಕಲಿಸ್ತೀ ಅಂತಾರೆ. ಈ ಜಗಳ ನಮ್ಮಲ್ಲಿ ಇನ್ನೂ ಬಗೆಹರಿದಿಲ್ಲ.

ಅಷ್ಟರಲ್ಲಿ ಬೆಳಕು ಬದಲಾಗಿತ್ತು. ಸಂಜೆಯ ಬೆಳಕು ಹಳದಿಗೆ ತಿರುಗುತ್ತದೆ, ಇದು ಹಾಗಲ್ಲ. ಬಣ್ಣಗಳೆಲ್ಲ ತೆಳುವಾಗಿ, ನೆರಳಿನ ಅಂಚು ಮಾತ್ರ ಚೂಪಾಗುತ್ತಾ ಹೋಯಿತು. ನನ್ನ ಹುಲ್ಲಿನ ಟೋಪಿಯ ಸಂದುಗಳಿಂದ ಚಾಪೆ ಮೇಲೆ ನೂರಾರು ಸಣ್ಣ ಕುಡುಗೋಲು ಸೂರ್ಯರು ಬಿದ್ದಿದ್ದರು. ಮಗ ಅವನ್ನು ಬೆರಳಲ್ಲಿ ಮುಚ್ಚಿ ಮುಚ್ಚಿ ಆಡುತ್ತಿದ್ದ. ತಣ್ಣಗಾಯಿತು. ಮಗಳು ಜಾಕೆಟ್ ಹಾಕಿಕೊಂಡಳು. ಗ್ರಹಣ ನೋಡುವ ಕನ್ನಡಕದಲ್ಲಿ ಸೂರ್ಯ ಉಗುರಿನಷ್ಟು, ಆಮೇಲೆ ದಾರದಷ್ಟು. ಆದರೂ ಸುತ್ತ ಹಗಲೇ! ಸೂರ್ಯ ಒಂದು ಪರ್ಸೆಂಟ್ ಉಳಿದರೂ ರಾತ್ರಿಯಾಗುವುದಿಲ್ಲ ಅನ್ನುವುದು ಕಣ್ಣಾರೆ ನೋಡಿದ ಮೇಲೇ ನಂಬಿಕೆ ಬಂದಿದ್ದು.

3.04 ದಾಟಿತ್ತು. ನೈಋತ್ಯ ದಿಕ್ಕಿನಿಂದ ಆಕಾಶ ಕಪ್ಪಾಗುತ್ತಾ ನಮ್ಮ ಕಡೆಗೇ ಬಂತು. ಸೂರ್ಯನ ಒಂದು ಮೂಲೆಯಲ್ಲಿ ಬೆಳಕು ಒಂದೇ ಚುಕ್ಕೆಯಾಗಿ ಉರಿದು, ಆರಿತು. ಪಾರ್ಕಿನಲ್ಲಿದ್ದವರೆಲ್ಲ ಒಟ್ಟಿಗೆ ಕೂಗಿದರು. ನಾನೂ ಕೂಗಿದೆ, ಏನು ಕೂಗಿದೆ ಅಂತ ಗೊತ್ತಿಲ್ಲ.

ಕನ್ನಡಕ ತೆಗೆದೆವು. ಸೂರ್ಯ ಇದ್ದ ಜಾಗದಲ್ಲಿ ಕಪ್ಪು ತೂತು. ಅದರ ಸುತ್ತ ಬಿಳಿ ರೇಷ್ಮೆಯಂಥ ಕರೋನಾ, ಅಂದರೆ ಸೂರ್ಯನ ಹೊರಗಿನ ವಾತಾವರಣ, ಎಳೆ ಎಳೆಯಾಗಿ ಹರಡಿತ್ತು. ಇಷ್ಟು ವರ್ಷ ನೋಡಿದ ಫೋಟೋಗಳೆಲ್ಲ ಸುಳ್ಳು ಅನ್ನಿಸಿತು. ಕೆಳಗಿನ ಅಂಚಿನಲ್ಲಿ ಗುಲಾಬಿ ಕೆಂಪಿನ ಒಂದು ಚುಕ್ಕೆ, ಸೂರ್ಯನಿಂದ ಎದ್ದ ಜ್ವಾಲೆ, ಬರಿಗಣ್ಣಿಗೇ ಕಾಣುತ್ತಿತ್ತು. ಬಲಗಡೆ ಕೆಳಗೆ ಶುಕ್ರ, ಎಡಗಡೆ ಮೇಲೆ ಗುರು. ಸುತ್ತಲೂ, ನಾಲ್ಕು ದಿಕ್ಕಿನಲ್ಲೂ, ದಿಗಂತದಲ್ಲಿ ಸೂರ್ಯಾಸ್ತದ ಕೆಂಪು. ಬೀದಿ ದೀಪಗಳು ತಾವಾಗಿಯೇ ಹೊತ್ತಿಕೊಂಡವು. ಹಕ್ಕಿಗಳು ಯಾವಾಗ ಸುಮ್ಮನಾದವೋ ಗಮನಿಸಲಿಲ್ಲ.

ಮಗಳ ಕಡೆ ನೋಡಿದೆ. ಹದಿಮೂರರ ಹುಡುಗಿ, ಯಾವುದಕ್ಕೂ ಬೆರಗಾಗಬಾರದು ಅಂತ ಶಪಥ ಮಾಡಿದ ವಯಸ್ಸು. ಎರಡು ಕೈಯನ್ನೂ ತಲೆ ಮೇಲೆ ಇಟ್ಟುಕೊಂಡು ಬಾಯಿ ತೆರೆದು ನಿಂತಿದ್ದಳು. ಇವರು ನಿಂತಿರಲಿಲ್ಲ. ಹುಲ್ಲಿನ ಮೇಲೆ ಕೂತು ಅಳುತ್ತಿದ್ದರು. ನನ್ನ ಗಂಡ ಅಳುವುದನ್ನು ನಾನು ಅವರ ಅಪ್ಪ ಹೋದಾಗ ನೋಡಿದ್ದೆ, ಅದು ಬಿಟ್ಟರೆ ಇದೇ. ಮಗ ಅಪ್ಪನ ಹೆಗಲು ಅಲುಗಾಡಿಸಿ, “ಅಪ್ಪಾ, ಮೇಲೆ ನೋಡು, ಮುಗಿದುಹೋಗುತ್ತೆ, ಆಮೇಲೆ ಅಳು” ಅಂದ. ಅವರು ಕಣ್ಣೊರೆಸಿಕೊಂಡು ನೋಡಿದರು. ನಾಲ್ಕು ನಿಮಿಷ ಅಂದರೆ ಏನೂ ಅಲ್ಲ. ಅಂಚಿನಲ್ಲಿ ಬೆಳಕು ಮತ್ತೆ ಚಿಮ್ಮಿತು, ಹಗಲು ಸ್ವಿಚ್ ಹಾಕಿದಂತೆ ಬಂತು.

ಬಿಡಿಸಿಕೊಳ್ಳುತ್ತಿರುವ ಸೂರ್ಯನನ್ನು ನೋಡಲು ಯಾರೂ ಉಳಿಯಲಿಲ್ಲ, ಎಲ್ಲರೂ ಕಾರಿಗೆ ಓಡಿದರು. ರೂಮಿಲ್ಲದ ನಾವೂ ಓಡಬೇಕಾಯಿತು. ಹೈವೇ ಐ-69ರಲ್ಲಿ ಕಾರುಗಳು ನಿಂತಲ್ಲೇ ನಿಂತಿದ್ದವು. ಮ್ಯಾಪ್ ಕೂಡ ತೆರೆಯುತ್ತಿರಲಿಲ್ಲ, ಅಷ್ಟೊಂದು ಫೋನು ಒಂದೇ ಕಡೆ. ಮಗನಿಗೆ ಬಾತ್‌ರೂಮ್ ಅವಸರ. ಗ್ರಹಣಕ್ಕೆ ಹೋಗುವವರು ಆ ರಾತ್ರಿ ಅಲ್ಲೇ ಉಳಿಯಿರಿ, ಉಳಿಯಲಾಗದಿದ್ದರೆ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ, ಬೆಳಿಗ್ಗೆಯೇ ಪೆಟ್ರೋಲ್ ತುಂಬಿಸಿ, ನೀರು ಅಳತೆ ಮೀರಿ ಕುಡಿಸಬೇಡಿ.

ನೆಟ್‌ವರ್ಕ್ ಬಂದ ಕೂಡಲೇ ಮೊದಲು ಬಂದಿದ್ದು ಶಾಲೆಯ ರೆಕಾರ್ಡೆಡ್ ಕರೆ. ನಿಮ್ಮ ಮಗು ಇಂದು ಒಂದು ಅಥವಾ ಹೆಚ್ಚು ಪೀರಿಯಡ್‌ಗೆ ಗೈರುಹಾಜರಾಗಿದೆ. ಇವರು ಅದನ್ನು ಸ್ಪೀಕರ್‌ನಲ್ಲಿ ಹಾಕಿ ಪೂರ್ತಿ ಕೇಳಿಸಿದರು. ಎರಡನೇ ಮಗುವಿಗೆ ಅಂತ ಮತ್ತೊಂದು ಕರೆ ಬಂತು, ಅದನ್ನೂ ಕೇಳಿಸಿದರು.

ಮಗಳು ಬುಧವಾರ ಟೆಸ್ಟ್ ಬರೆದಳು. ಅನ್‌ಎಕ್ಸ್‌ಕ್ಯೂಸ್ಡ್ ಆದ್ದರಿಂದ ಹತ್ತು ಪರ್ಸೆಂಟ್ ಅಂಕ ಕಡಿತ. ಜಗಳ ಆಗುತ್ತದೆ ಅಂದುಕೊಂಡಿದ್ದೆ. ಅವಳು ಮುಂದಿನ ಗ್ರಹಣಗಳ ಪಟ್ಟಿ ತೆಗೆದು, ಪಕ್ಕದಲ್ಲಿ ಶಾಲೆಯ ಕ್ಯಾಲೆಂಡರ್ ಇಟ್ಟುಕೊಂಡು ಕೂತಿದ್ದಳು. 2026ರ ಆಗಸ್ಟ್ 12, ಸ್ಪೇನ್, ಬುಧವಾರ. ನಮ್ಮ ಶಾಲೆ ಶುರುವಾಗುವ ವಾರವೇ, ಬೇಡ. 2027ರ ಆಗಸ್ಟ್ 2, ಈಜಿಪ್ಟಿನ ಲಕ್ಸರ್ ಹತ್ತಿರ ಆರು ನಿಮಿಷಕ್ಕೂ ಜಾಸ್ತಿ ಕತ್ತಲೆ. ಸೋಮವಾರ, ಆದರೆ ಬೇಸಿಗೆ ರಜೆ, ಯಾರೂ ಏನೂ ಅನ್ನುವ ಹಾಗಿಲ್ಲ. ಇವರು ಆಗಲೇ ಹೋಟೆಲ್ ಹುಡುಕುತ್ತಿದ್ದಾರೆ. ಆಗಸ್ಟ್‌ನಲ್ಲಿ ಲಕ್ಸರ್ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ನಾನಿನ್ನೂ ಹೂಂ ಅಂದಿಲ್ಲ.