ನಮ್ಮ ಪದವಿಪತ್ರದ ಹಿಂದಿರುವ ಮೇಷ್ಟ್ರು

ಬಲ್ಮಠದ ಗುಡ್ಡದ ಮೇಲೆ ದೇವಶಾಸ್ತ್ರ ಓದಿದ ನಮಗೆಲ್ಲ ಪಾಠ ಹೇಳಿದ್ದು ಮಂಗಳೂರು, ಪದವಿ ಕೊಟ್ಟದ್ದು ಸೆರಾಂಪುರ. ನನ್ನ ಪದವಿಪತ್ರ ನೋಡಿದವರು ‘ಮಂಗಳೂರಲ್ಲಿ ಓದಿದವರಿಗೆ ಬಂಗಾಳದ ಹೆಸರೇಕೆ’ ಎಂದು ಈಗಲೂ ಕೇಳುತ್ತಾರೆ. ಉತ್ತರ ಹೇಳಬೇಕಾದರೆ 1827ರ ಫೆಬ್ರವರಿಯಲ್ಲಿ ಡೆನ್ಮಾರ್ಕಿನ ದೊರೆ ಆರನೇ ಫ್ರೆಡರಿಕ್ ಕೊಟ್ಟ ಸನ್ನದಿನಿಂದ ಶುರು ಮಾಡಬೇಕು. ಹೂಗ್ಲಿ ದಂಡೆಯ ಸೆರಾಂಪುರ ಆಗ ಡೇನರ ಕೈಯಲ್ಲಿತ್ತು. 1845ರಲ್ಲಿ ಅವರು ಊರನ್ನು ಇಂಗ್ಲಿಷರಿಗೆ ಮಾರಿದರೂ ಆ ಸನ್ನದಿನಿಂದ ಅಲ್ಲಿನ ಕಾಲೇಜಿಗೆ ಸಿಕ್ಕಿದ್ದ ಪದವಿ ಕೊಡುವ ಹಕ್ಕು ಉಳಿಯಿತು. 1918ರ ಕಾಯಿದೆಯಿಂದ ಪದವಿಗಳನ್ನು ನೋಡಿಕೊಳ್ಳುವ ಮಂಡಳಿ, ಅಂದರೆ ಸೆನೆಟ್, ಬಂತು. ಆ ಸೆನೆಟಿಗೆ ಸೇರಿದ ಕಾಲೇಜುಗಳಲ್ಲಿ ನಮ್ಮದೂ ಒಂದು. ಇಷ್ಟಕ್ಕೆಲ್ಲ ಬೀಜ ಹಾಕಿದವರು 1818ರಲ್ಲಿ ಆ ಕಾಲೇಜು ತೆರೆದ ಮೂವರು ಬ್ಯಾಪ್ಟಿಸ್ಟ್ ಮಿಷನರಿಗಳು: ಕೇರಿ, ಮಾರ್ಷ್‌ಮನ್, ವಾರ್ಡ್.

ನಮಗೆ ಕ್ರೈಸ್ತ ಸಭೆಯ ಚರಿತ್ರೆ ಹೇಳುತ್ತಿದ್ದ ಅಯ್ಯನವರಿಗೆ ವಿಲಿಯಂ ಕೇರಿ ಎಂದರೆ ಬಹಳ ಪ್ರೀತಿ. ಪರೀಕ್ಷೆಗೆ ಬೇಕಾದ್ದು ಎರಡು ಪುಟವಾದರೆ ಅವರು ಹೇಳುತ್ತಿದ್ದುದು ಎರಡು ವಾರ. ‘ಕೇರಿ ಯಾರಪ್ಪ?’ ಎಂದು ಕೇಳುವರು. ‘ಮಿಷನರಿ, ಅಯ್ಯನವರೇ’ ಎಂದರೆ ಒಪ್ಪುತ್ತಿರಲಿಲ್ಲ. ‘ಮೊದಲು ಬೂಟು ಹೊಲಿದವರು, ಆಮೇಲೆ ಶಾಲೆ ಮೇಷ್ಟ್ರು, ಮತ್ತೆ ಮಿಷನರಿ. ಮೇಷ್ಟ್ರ ಕೆಲಸ ಮಾತ್ರ ಕೊನೇವರೆಗೂ ಬಿಡಲಿಲ್ಲ, ಬರಕೊಳ್ಳಿ’ ಎನ್ನುವರು. ನಾನೇ ಮೇಷ್ಟ್ರಾಗಿ ತಲೆ ನರೆತ ಮೇಲೆ ಆ ಮಾತಿನ ತೂಕ ನನಗೆ ಹೆಚ್ಚುತ್ತಲೇ ಬಂದಿದೆ. ಕೇರಿಯವರನ್ನು ಅನುವಾದಕರೆಂದು, ಸುವಾರ್ತಿಕರೆಂದು ಕೊಂಡಾಡುವ ಪುಸ್ತಕಗಳು ಬೇಕಾದಷ್ಟಿವೆ. ಪಾಠ ಹೇಳುತ್ತಲೇ ಕಲಿತವರು, ಕಲಿತದ್ದನ್ನು ಕೂಡಲೇ ಇನ್ನೊಬ್ಬರಿಗೆ ದಾಟಿಸಿದವರು ಎಂದು ಅವರನ್ನು ನೋಡಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಹುಟ್ಟಿದ್ದು 1761ರ ಆಗಸ್ಟ್ 17ರಂದು, ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಯ ಹಳ್ಳಿಯೊಂದರಲ್ಲಿ. ತಂದೆ ನೇಕಾರ, ಮುಂದೆ ಊರ ಶಾಲೆಯ ಮೇಷ್ಟ್ರು. ಹುಡುಗನನ್ನು ಬೂಟು ಹೊಲಿಯುವ ಕಸುಬಿಗೆ ಹಚ್ಚಿದರು. ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿಕೆ ನಡೆಯಿತು. ನಮ್ಮ ಬಾಸೆಲ್ ಮಿಷನ್ ಮನೆಗಳಲ್ಲಿ ಕೂಸುಗಳಿಗೇ ದೀಕ್ಷಾಸ್ನಾನ ಆಗಿಬಿಡುತ್ತದೆ. ಬ್ಯಾಪ್ಟಿಸ್ಟರದು ಹಾಗಲ್ಲ. ಬುದ್ಧಿ ಬಲಿತು, ತಾನೇ ನಂಬಿ ಒಪ್ಪಿಕೊಂಡವನು ನೀರಿನಲ್ಲಿ ಮುಳುಗಿ ಏಳಬೇಕು. 1783ರಲ್ಲಿ ಕೇರಿ ನೇನ್ ನದಿಗಿಳಿದು ಹಾಗೆ ದೀಕ್ಷೆ ಪಡೆದರು. ಆಮೇಲೆ ಮೌಲ್ಟನ್ ಎಂಬ ಹಳ್ಳಿಯಲ್ಲಿ ಸಭಾಪಾಲನೆ, ಶಾಲೆ, ಹೊಟ್ಟೆಪಾಡಿಗೆ ಬೂಟಿನ ಕೆಲಸ, ಮೂರೂ ಒಟ್ಟಿಗೆ. ಕಾಗದದ ಹಾಳೆಗಳನ್ನು ಅಂಟಿಸಿ ತಾವೇ ಬರೆದ ಜಗತ್ತಿನ ನಕ್ಷೆಯನ್ನು ಗೋಡೆಗೆ ತೂಗುಹಾಕಿ, ಒಂದೊಂದು ದೇಶದ ಜನಸಂಖ್ಯೆ, ಧರ್ಮ ಎಂದು ಸಿಕ್ಕಿದ ವಿವರವನ್ನೆಲ್ಲ ಅದರ ಮೇಲೆ ಗುರುತು ಹಾಕುತ್ತಿದ್ದರು. ಅಯ್ಯನವರು ಇದನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ. ಹಳೆ ಕ್ಯಾಲೆಂಡರುಗಳ ಹಿಂಬದಿ ಅಂಟಿಸಿ ನಮ್ಮ ಕೈಯಲ್ಲೂ ಅಂಥದೊಂದು ನಕ್ಷೆ ಬರೆಸಿದರು. ಮೈದಾ ಹಿಟ್ಟಿನ ಗೋಂದು ಆರುವಷ್ಟರಲ್ಲಿ ಇರುವೆ ಮುತ್ತಿತ್ತು, ಆಫ್ರಿಕಾದ ಅಂಚು ಹೋಯಿತು. ನಕ್ಷೆಯಂತೂ ಇಡೀ ವರ್ಷ ತರಗತಿಯ ಗೋಡೆಯ ಮೇಲಿತ್ತು.

ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿ ಹುಟ್ಟಿದ್ದು 1792ರ ಅಕ್ಟೋಬರ್‌ನಲ್ಲಿ, ಕೆಟರಿಂಗ್ ಊರಿನ ಒಂದು ಮನೆಯಲ್ಲಿ. ಮರುವರ್ಷ ನವೆಂಬರಿನಲ್ಲಿ ಕೇರಿ ಕಲ್ಕತ್ತೆಯಲ್ಲಿದ್ದರು. ಕಂಪನಿ ಸರ್ಕಾರಕ್ಕೆ ಮಿಷನರಿಗಳು ಬೇಡವಾಗಿದ್ದರಿಂದ ಕೆಲವು ವರ್ಷ ಬಂಗಾಳದ ಮದನಾವತಿಯಲ್ಲಿ ನೀಲಿ ಬಣ್ಣ ತೆಗೆಯುವ ಕಾರ್ಖಾನೆ ನೋಡಿಕೊಂಡಿದ್ದು, 1800ರ ಜನವರಿಯಲ್ಲಿ ಡೇನರ ಸೆರಾಂಪುರಕ್ಕೆ ಬಂದು ನೆಲೆಸಿದರು.

1801ರಲ್ಲಿ ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ಬಂಗಾಳಿಯಲ್ಲಿ ಅಚ್ಚಾಯಿತು. ಅದೇ ವರ್ಷ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ ಕಲಿಸುವ ಕೆಲಸಕ್ಕೆ ಕರೆ ಬಂತು. ಮುಂದೆ ಸಂಸ್ಕೃತ, ಮರಾಠಿಯೂ ಸೇರಿದವು. ಶಿಷ್ಯರು ಇಂಗ್ಲೆಂಡಿನಿಂದ ಆಗಷ್ಟೇ ಬಂದಿಳಿದ ಕಂಪನಿಯ ಎಳೆಯ ಅಧಿಕಾರಿಗಳು. ಅವರಿಗೆ ಓದಿಸಲು ಬಂಗಾಳಿ ಗದ್ಯದ ಪುಸ್ತಕಗಳೇ ಇರಲಿಲ್ಲ. ಕೇರಿ ತಮ್ಮ ಜೊತೆಗಿದ್ದ ಪಂಡಿತರಿಂದ ಬರೆಸಿದರು, ತಾವೂ ‘ಕಥೋಪಕಥನ’ ಎಂಬ ಸಂಭಾಷಣೆಗಳ ಪುಸ್ತಕ ಹೊರತಂದರು. ಸಾಹೇಬ ಮತ್ತು ಆಳು, ಜಮೀನ್ದಾರ ಮತ್ತು ರೈತ, ಸಾಲಗಾರ, ಹೆಂಗಸರ ಜಗಳ, ಹೀಗೆ ಬೀದಿಯಲ್ಲಿ ಜನ ಆಡುವ ಮಾತೇ ಅಲ್ಲಿ ಪಾಠ. ಊರಾಳಲು ಬಂದ ಹುಡುಗರಿಗೆ ಒಬ್ಬ ಪಾದ್ರಿ ಜಗಳದ ಮಾತನ್ನೂ ಕಲಿಸಿದರು ಎಂಬುದು ನನಗೆ ತುಂಬ ದೊಡ್ಡ ಸಂಗತಿ. ಬದುಕಿನ ಮಾತು ಕಿವಿಗೆ ಬೀಳದವನು ನ್ಯಾಯ ಹೇಳಲಾರ. ಹೈಸ್ಕೂಲಿನಲ್ಲಿ ಕನ್ನಡ ಬಾರದ ಮಕ್ಕಳಿಗೆ ಕನ್ನಡ ಕಲಿಸುವಾಗ ನಾನು ಹಿಡಿದದ್ದು ಇದೇ ದಾರಿ: ಮೀನು ಮಾರ್ಕೆಟ್, ಬಸ್ ಕಂಡಕ್ಟರನ ಚಿಲ್ಲರೆ, ಅಜ್ಜಿಯ ಗದರಿಕೆ. ಅಂದಹಾಗೆ, ಆ ಕಾಲೇಜಿನ ದೊಡ್ಡ ಸಂಬಳವನ್ನು ಕೇರಿ ತಮ್ಮದೆಂದು ಇಟ್ಟುಕೊಳ್ಳಲಿಲ್ಲ. ಸೆರಾಂಪುರದ ಕುಟುಂಬಗಳೆಲ್ಲ ಒಂದೇ ಖಜಾನೆಯಿಂದ ಬದುಕುತ್ತಿದ್ದವು, ಅವರ ಸಂಬಳ ಅಲ್ಲಿಗೆ ಹೋಗುತ್ತಿತ್ತು.

ಈಗ ಕನ್ನಡದ ಮಾತು. 1812ರ ಮಾರ್ಚ್ 11ರ ಸಂಜೆ ಸೆರಾಂಪುರದ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕೇರಿ ಕಲ್ಕತ್ತೆಯಲ್ಲಿದ್ದರು. ವಾರ್ಡ್ ಕಿಟಕಿ ಬಾಗಿಲು ಮುಚ್ಚಿಸಿ ಬೆಂಕಿಯನ್ನು ಉಸಿರುಗಟ್ಟಿಸಲು ನೋಡಿದರು, ಯಾರೋ ಕಿಟಕಿ ತೆರೆದರು, ಜ್ವಾಲೆ ಸೂರಿಗೇರಿತು. ಅಂದು ಬೂದಿಯಾದವುಗಳಲ್ಲಿ ಅನೇಕ ಭಾಷೆಗಳ ಅಚ್ಚಿನ ಮೊಳೆಗಳು, ಸಂಸ್ಕೃತವನ್ನೂ ಅದರ ಸೋದರ ಭಾಷೆಗಳನ್ನೂ ಜೋಡಿಸುತ್ತಿದ್ದ ದೊಡ್ಡ ನಿಘಂಟಿನ ಹಸ್ತಪ್ರತಿ, ತೆಲುಗು ವ್ಯಾಕರಣ ಮತ್ತು ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿ ಸೇರಿದ್ದವು. ಮರುದಿನ ಮಾರ್ಷ್‌ಮನ್ ಹೋಗಿ ಸುದ್ದಿ ಮುಟ್ಟಿಸಿದರು. ಅವಶೇಷದಡಿ ಉಕ್ಕಿನ ಅಚ್ಚುಗಳು ಕೆಡದೆ ಸಿಕ್ಕಿದ್ದೇ ಪುಣ್ಯ. ಅವುಗಳಿಂದ ಮತ್ತೆ ಮೊಳೆ ಎರಕ ಹೊಯ್ದರು. ಹಸ್ತಪ್ರತಿಗೆ ಮಾತ್ರ ಅಚ್ಚಿಲ್ಲವಲ್ಲ, ಅದನ್ನು ಮೊದಲ ಅಕ್ಷರದಿಂದ ಬರೆಯಬೇಕು. ಐವತ್ತು ವಯಸ್ಸಿನ ಮನುಷ್ಯ ಮತ್ತೆ ಕುಳಿತರು. 1814ರಲ್ಲಿ ತೆಲುಗು ವ್ಯಾಕರಣ, 1817ರಲ್ಲಿ ಕನ್ನಡ ವ್ಯಾಕರಣ ಅಚ್ಚಾಗಿ ಬಂದವು.

ಓದು ಮುಗಿಸಿ ಕೆಲವು ವರ್ಷಗಳ ಮೇಲೆ ನಾನು ಹೌರಾದಿಂದ ಲೋಕಲ್ ಟ್ರೇನು ಹಿಡಿದು ಸೆರಾಂಪುರಕ್ಕೆ ಹೋದೆ. ಕಾಲೇಜಿನ ಎತ್ತರದ ಕಂಬಗಳು, ಎರಡೂ ಕಡೆಯಿಂದ ಏರುವ ಬೀಡುಕಬ್ಬಿಣದ ಮೆಟ್ಟಿಲು, ಎದುರಿಗೆ ನದಿ. ಕೇರಿ ಗ್ರಂಥಾಲಯದಲ್ಲಿ ಆ ಕನ್ನಡ ವ್ಯಾಕರಣವನ್ನು ಕೇಳಿ ತರಿಸಿಕೊಂಡೆ. ವಿವರಣೆ ಇಂಗ್ಲಿಷಿನಲ್ಲಿ, ಉದಾಹರಣೆಗಳು ಕನ್ನಡದಲ್ಲಿ. ಬೆರಳು ತಾಗಿಸಲೂ ಅಂಜಿಕೆ, ಅಂಚು ಅಷ್ಟು ಪುಡಿಪುಡಿ. ವಿಭಕ್ತಿಗಳ ಪಟ್ಟಿಯ ಮೇಲೆ ಕಣ್ಣಾಡಿಸುತ್ತಿದ್ದಂತೆ ಗಂಟಲು ಕಟ್ಟಿತು. ಬಂಗಾಳ ಬಿಟ್ಟು ಈ ಕಡೆ ಬರಲೇ ಇಲ್ಲದ ಮನುಷ್ಯ, ನಮ್ಮ ನೀರು ಕುಡಿಯದವರು, ನಮ್ಮ ಭಾಷೆಗಾಗಿ ಎರಡನೇ ಸಲ ದುಡಿದಿದ್ದರು. ಮುಖಪುಟದಲ್ಲಿರುವುದು ಕೇರಿಯವರ ಹೆಸರೊಂದೇ. ಕನ್ನಡ ಹೇಳಿಕೊಟ್ಟ ಪಂಡಿತರ ಹೆಸರೂ ಅಲ್ಲಿರಬೇಕಿತ್ತು. ಅವರಿಲ್ಲದೆ ಆ ಪುಸ್ತಕವಿಲ್ಲ.

ಕೇರಿಯವರ ಅನುವಾದಗಳೆಲ್ಲ ನಿಂತವು ಎಂದು ನಾನು ಹೇಳಲಾರೆ. ಅಷ್ಟೊಂದು ಭಾಷೆಗಳನ್ನು ಒಟ್ಟಿಗೆ ಹಿಡಿದಾಗ ಅವಸರ ತಪ್ಪದು, ಎಷ್ಟನ್ನೋ ಆಮೇಲಿನವರು ಹೊಸದಾಗಿ ಮಾಡಬೇಕಾಯಿತು. ಕನ್ನಡ ಸತ್ಯವೇದದ, ಅಂದರೆ ಬೈಬಲಿನ, ಕೆಲಸ ಬೇರೂರಿದ್ದು ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಕೈಯಲ್ಲಿ.

ಇನ್ನೊಂದನ್ನು ಅಯ್ಯನವರು ಯಾವಾಗಲೂ ದನಿ ತಗ್ಗಿಸಿ ಹೇಳುತ್ತಿದ್ದರು. ಹೆಂಡತಿ ಡೊರೊಥಿಗೆ ಇಂಡಿಯಾಕ್ಕೆ ಬರುವ ಮನಸ್ಸೇ ಇರಲಿಲ್ಲ. ಕೊನೇ ಗಳಿಗೆಯಲ್ಲಿ ಒಪ್ಪಿ ಹೊರಟರು. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಆಮೇಲೆ ಆ ತಾಯಿಯ ಮನಸ್ಸು ಚೇತರಿಸಲಿಲ್ಲ, 1807ರಲ್ಲಿ ಸಾಯುವವರೆಗೂ ಕತ್ತಲಲ್ಲೇ ಉಳಿದರು. ಪಕ್ಕದ ಕೋಣೆಯಲ್ಲಿ ಅನುವಾದ ಸಾಗುತ್ತಿತ್ತು. ಇದನ್ನು ಬಿಟ್ಟು ಕೇರಿಯವರ ಕಥೆ ಹೇಳುವುದು ಆ ತಾಯಿಗೆ ಮಾಡುವ ಅನ್ಯಾಯ. ಅವರ ಸಾಧನೆಯ ಬೆಲೆಯನ್ನು ಹೆಚ್ಚಾಗಿ ತೆತ್ತವರು ಡೊರೊಥಿ ಎಂದೇ ನಾನು ನಂಬಿದ್ದೇನೆ.

ಕೇರಿ ತೀರಿಕೊಂಡದ್ದು 1834ರ ಜೂನ್ 9ರಂದು, ಸೆರಾಂಪುರದಲ್ಲೇ. ಕೊನೆಯವರೆಗೂ ಗಿಡಮರಗಳ ಹುಚ್ಚು ಬಿಡಲಿಲ್ಲ. ಸಸ್ಯಶಾಸ್ತ್ರಜ್ಞ ಗೆಳೆಯ ರಾಕ್ಸ್‌ಬರ್ಗ್ ಒಂದು ಮರದ ಕುಲಕ್ಕೆ ‘ಕೇರಿಯಾ’ ಎಂದು ಅವರ ಹೆಸರನ್ನೇ ಇಟ್ಟರು. ನಮ್ಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಕವಲು ಮರ ಆ ಕುಲದ್ದು.

ಬಲ್ಮಠದ ನಮ್ಮ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಷನಿನ ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಕಿಟ್ಟೆಲರ ನಿಘಂಟಿನ ಪಕ್ಕದಲ್ಲಿ 1817ರ ಆ ವ್ಯಾಕರಣದ ಒಂದು ಒಳ್ಳೆಯ ನಕಲು ಪ್ರತಿಯೂ ಇರಲಿ ಎಂದು ನನ್ನ ಆಸೆ. ಹಳೆಯ ವಿದ್ಯಾರ್ಥಿಗಳು ಒಪ್ಪಿದರೆ ಸೆರಾಂಪುರದವರಿಗೆ ಪತ್ರ ಬರೆಯುವ ಕೆಲಸ ನಾನು ಮಾಡುತ್ತೇನೆ, ಖರ್ಚಿನಲ್ಲಿ ನನ್ನ ಪಾಲನ್ನೂ ಕೊಡುತ್ತೇನೆ.