ವಾಷಿಂಗ್ ಮಷೀನಿನ ಲೆವೆಲ್ ಸೆನ್ಸರ್: ಕಳ್ಳ ಕೊನೆಗೂ ಸಿಕ್ಕಿಬಿದ್ದ

ಸಿಕ್ಕಿತು! ಬಿಸಿನೀರಿನ ವಾಶ್ ಹಾಕಿದಾಗ ಮಾತ್ರ ನಡುವೆ ಸುಮ್ನೆ ಇನ್ನಷ್ಟು ನೀರು ತುಂಬಿಸಿಕೊಂಡು, ಆಮೇಲೆ ಲೆವೆಲ್ ಎರರ್ ತೋರಿಸಿ ನಿಂತುಬಿಡುತ್ತಿದ್ದ ಮಷೀನ್ ಈಗ 60 ಡಿಗ್ರಿಯಲ್ಲೂ ತೆಪ್ಪಗೆ ಓಡುತ್ತಿದೆ. ತಣ್ಣೀರಿನಲ್ಲಿ ತಕರಾರೇ ಇರಲಿಲ್ಲ. ತಲೆ ಕೆಡಿಸಿದ್ದು ಅದೇ. ಇನ್‌ಲೆಟ್ ವಾಲ್ವ್, ಡ್ರೈನ್ ಪಂಪ್, ಎನ್‌ಟಿಸಿ (ನೀರಿನ ಬಿಸಿ ಅಳೆಯುವ ಸೆನ್ಸರ್) ಎಲ್ಲಾ ನೋಡಿಯಾಗಿತ್ತು. ಅದನ್ನೆಲ್ಲ ಬರೆಯುತ್ತಾ ಕೂರಲ್ಲ.

ಉಳಿದದ್ದು ಪ್ರೆಶರ್ ಸೆನ್ಸರ್, ಅದೇ ಲೆವೆಲ್ ಸೆನ್ಸರ್. ನೀರು ಏರಿದಂತೆ ಕೆಳಗಿನ ಏರ್ ಚೇಂಬರಿನಲ್ಲಿ ಸಿಕ್ಕಿಕೊಂಡ ಗಾಳಿ ಒತ್ತಿಕೊಳ್ಳುತ್ತದೆ, ಆ ಒತ್ತಡ ಪೈಪಿನಲ್ಲಿ ಸೆನ್ಸರಿಗೆ ಬರುತ್ತದೆ. ಮೂರು ವೈರಿನದು, ಫ್ರೀಕ್ವೆನ್ಸಿ ಕೊಡುವ ಜಾತಿ. ಒತ್ತಡ ಏರಿದಂತೆ ಡಯಾಫ್ರಾಮ್ ಫೆರೈಟ್ ಕೋರನ್ನು ಕಾಯಿಲ್ ಒಳಗೆ ತಳ್ಳುತ್ತದೆ, ಇಂಡಕ್ಟನ್ಸ್ ಜಾಸ್ತಿಯಾಗುತ್ತದೆ, ಫ್ರೀಕ್ವೆನ್ಸಿ ಇಳಿಯುತ್ತದೆ. ನನ್ನದರಲ್ಲಿ ಡ್ರಮ್ ಖಾಲಿ ಇದ್ದರೆ 25.6 ಕಿಲೋಹರ್ಟ್ಜ್, ವಾಶ್ ಲೆವೆಲ್‌ನಲ್ಲಿ 24.1ರ ಆಸುಪಾಸು. ನೀರು ಕಾಯುತ್ತಾ ಬಂದ ಹಾಗೆ ಮೀಟರಿನಲ್ಲಿ 24.1 ಇದ್ದದ್ದು ಇದ್ದಕ್ಕಿದ್ದಂತೆ 24.9, ಮತ್ತೆ 24.2, ಆಮೇಲೆ ಒಂದೇ ನೆಗೆತಕ್ಕೆ 25.3. ನೀರು ಕಮ್ಮಿಯಾಯ್ತು ಅಂತ ಬೋರ್ಡ್ ವಾಲ್ವ್ ತೆರೆಯುತ್ತದೆ. ಪಾಪ, ಅದರ ತಪ್ಪೇನಿದೆ?

ಅಳೆಯುವವರಿಗೆ ಒಂದು ಮಾತು. ಎಷ್ಟೋ ಬೋರ್ಡುಗಳಲ್ಲಿ 5 ವೋಲ್ಟ್ ಸಪ್ಲೈ ಮೇನ್ಸ್‌ನಿಂದ ಬೇರೆಯಾಗಿರುವುದಿಲ್ಲ. ಆ ಗ್ರೌಂಡ್ ನೇರ ಫೇಸಿಗೇ ಸೇರಿರಬಹುದು. ಅರ್ತ್ ಇರುವ ಆಸಿಲೋಸ್ಕೋಪಿನ ಕ್ಲಿಪ್ ಅಲ್ಲಿ ಸಿಕ್ಕಿಸಿದರೆ ಢಮಾರ್. ನಾನು ಬ್ಯಾಟರಿ ಮಲ್ಟಿಮೀಟರನ್ನೇ ಬಳಸಿದೆ. ಪ್ಲಗ್ ಕಿತ್ತು, ವೈರ್ ಸಿಕ್ಕಿಸಿ, ಹೊರಗೆ ತಂದು, ಆಮೇಲಷ್ಟೇ ಕರೆಂಟ್. ಕರೆಂಟ್ ಬಂದ ಮೇಲೆ ಕೈ ಜೇಬಿನಲ್ಲಿ.

ಈಗ ಅಸಲಿ ಪ್ರಶ್ನೆ. ಪೈಪಿನಲ್ಲೋ ಏರ್ ಚೇಂಬರಿನಲ್ಲೋ ಗಾಳಿ ಸೋರುತ್ತಿದ್ದರೂ ಫ್ರೀಕ್ವೆನ್ಸಿ ಮೇಲೇರುತ್ತದೆ, ಸೆನ್ಸರ್ ಸುಳ್ಳು ಹೇಳಿದರೂ ಏರುತ್ತದೆ. ಬೇರೆ ಮಾಡುವುದು ಹೇಗೆ? ಪೈಪಿನ ಮಧ್ಯೆ ಒಂದು ‘T’ ಆಕಾರದ ಜಾಯಿಂಟ್ ಹಾಕಿ, ಅದಕ್ಕೆ ಪಾರದರ್ಶಕ ನಳಿಕೆಯನ್ನು ಯು ಆಕಾರದಲ್ಲಿ ಬಗ್ಗಿಸಿ, ಬಣ್ಣದ ನೀರು ತುಂಬಿ ಕ್ಯಾಬಿನೆಟ್ಟಿಗೆ ಟೇಪ್ ಹಚ್ಚಿದೆ. ಪಕ್ಕದಲ್ಲಿ ಸ್ಕೇಲ್. 1 ಸೆಂಟಿಮೀಟರ್ ನೀರು ಅಂದರೆ ಸುಮಾರು 98 ಪ್ಯಾಸ್ಕಲ್, ಇಷ್ಟು ನಿಖರ ಸಾಕ್ಷಿ ಇಷ್ಟು ಅಗ್ಗಕ್ಕೆ ಇನ್ನೆಲ್ಲಿ ಸಿಗಬೇಕು? ಡ್ರಮ್ ತಿರುಗುವಾಗ ಬಣ್ಣದ ನೀರು ಕುಣಿಯುತ್ತದೆ, ನಿಂತಾಗ ಓದಬೇಕು ಅಷ್ಟೇ. ಬಿಸಿ ವಾಶ್ ಶುರು ಮಾಡಿದೆ. ಫ್ರೀಕ್ವೆನ್ಸಿ ನೆಗೆಯಿತು. ಡ್ರಮ್ ನಿಂತಾಗ ನಳಿಕೆ ನೋಡಿದರೆ ಬಣ್ಣದ ನೀರು ಇದ್ದಲ್ಲೇ ಇದೆ! ಗಾಳಿ ಎಲ್ಲೂ ಸೋರುತ್ತಿಲ್ಲ.

ಅಂದಮೇಲೆ ಹೊಸ ಸೆನ್ಸರ್ ಹಾಕಿದರೆ ಮುಗಿಯಿತು ಅಲ್ವಾ? ಇಲ್ಲ. ಪೂಜ್ಯ ಸಪ್ಲೈಯರ್ ‘ಎಲ್ಲಾ ಮಾಡೆಲ್‌ಗೂ ಆಗುತ್ತೆ ಸರ್’ ಅಂತ ಕಳಿಸಿದ್ದು ನೋಡಲು ಅವಳಿ. ಅದೇ ಕಪ್ಪು ಡಬ್ಬಿ, ಅದೇ ಮೂರು ಪಿನ್. ಆದರೆ ಗಾಳಿಯೇ ಹೋಗದಿದ್ದಾಗಲೂ 24.6 ಕಿಲೋಹರ್ಟ್ಜ್. ಖಾಲಿ ಡ್ರಮ್ಮಿನಲ್ಲಿ ನೀರಿದೆ ಅಂದುಕೊಂಡ ಮಷೀನ್ ಇಲ್ಲದ ನೀರನ್ನು ಹೊರಹಾಕಲು ಪಂಪ್ ಓಡಿಸಿದ್ದೇ ಓಡಿಸಿದ್ದು. ಡೇಟಾಶೀಟ್ ಕೇಳಿದೆ. ಕೈ ಮುಗಿಯುವ ಇಮೋಜಿ ಬಂತು.

(ಅದನ್ನು ಬಿಸಾಡಲ್ಲ. ಗಿಡಗಳಿಗೆ ಹನಿ ಹನಿ ನೀರು ಬಿಡುವ ಬಕೆಟ್ಟಿನ ಮಟ್ಟ ನೋಡಲು ಚೆನ್ನಾಗಿ ಆಗುತ್ತದೆ. ಆಳದ ಟ್ಯಾಂಕಿಗೆ ನಾಲಾಯಕ್ಕು.)

ಹಳೆಯದನ್ನೇ ಬೆಂಚಿಗೆ ತಂದೆ. ಬೇರೆ 5 ವೋಲ್ಟ್ ಸಪ್ಲೈ ಕೊಟ್ಟೆ, ಈಗ ಸ್ಕೋಪ್ ಧೈರ್ಯವಾಗಿ ಹಾಕಬಹುದು. ಯು ನಳಿಕೆಯಿಂದ ಒತ್ತಡ ಕೊಟ್ಟು ಹಿಡಿದೆ. ಚಚ್ಚೌಕ ಅಲೆ ಸ್ವಚ್ಛ. ತಟ್ಟಿದೆ, ಕುಲುಕಿದೆ, ಜಗ್ಗಲಿಲ್ಲ. ಹೇರ್ ಡ್ರೈಯರ್ ಹಿಡಿದೆ ನೋಡಿ, ಅಲೆ ಎರಡು ಅಗಲಗಳ ನಡುವೆ ಪಟಪಟ ಹಾರಲು ಶುರು. ತಣ್ಣಗಾದರೆ ಮತ್ತೆ ಸಾಧು.

ಮುಚ್ಚಳ ತೆಗೆದು ಭೂತಗನ್ನಡಿ ಹಿಡಿದೆ. ಆ ಫ್ರೀಕ್ವೆನ್ಸಿ ಹುಟ್ಟಿಸುವ ಆಸಿಲೇಟರಿನ ಎರಡು ಕೆಪಾಸಿಟರುಗಳಲ್ಲಿ ಒಂದರ ಕಾಲಿನ ಸುತ್ತ, ಬೆಸುಗೆಯಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಉಂಗುರ. ಕಾವಿಗೆ ಬಾಯಿ ಬಿಡುತ್ತದೆ, ತಣಿದರೆ ಕೂಡುತ್ತದೆ. ಕೆಪಾಸಿಟನ್ಸ್ ಬಿಟ್ಟುಹೋದ ಕ್ಷಣ ಫ್ರೀಕ್ವೆನ್ಸಿ ಮೇಲೆ. ಮೀಟರ್ ಎರಡರ ಸರಾಸರಿ ತೋರಿಸುತ್ತಿತ್ತು, ಅದಕ್ಕೇ ಆ ಅಡ್ಡಾದಿಡ್ಡಿ ಅಂಕಿಗಳು. ಬಿಸಿ ವಾಶ್‌ನಲ್ಲಿ ಕ್ಯಾಬಿನೆಟ್ಟಿನ ಕಾವೆಲ್ಲ ಮೇಲೇರಿ ಸೆನ್ಸರ್ ಇರುವ ಜಾಗಕ್ಕೇ ಹೋಗುತ್ತದಲ್ಲ.

ಹಳೆ ಬೆಸುಗೆ ಹೀರಿ, ಫ್ಲಕ್ಸ್ ಹಾಕಿ ಹೊಸದಾಗಿ ಹಿಡಿಸಿದೆ. ಮೂರೂ ಪಿನ್‌ಗಳಿಗೂ ಹಾಗೇ. ಅರಗು ಹಚ್ಚಿದ ಸಣ್ಣ ಸ್ಕ್ರೂ ಒಂದು ಕಾಣುತ್ತದೆ, ಅದು ಕ್ಯಾಲಿಬ್ರೇಶನ್, ಎಷ್ಟೇ ಕೈ ತುರಿಸಿದರೂ ಮುಟ್ಟಬೇಡಿ. ಈಗ ಡ್ರೈಯರ್ ಕೆಳಗೆ ಎಷ್ಟು ಹೊತ್ತು ಇಟ್ಟರೂ ಅಲೆ ಅಲುಗಲ್ಲ.

ಮುಂದೆ ಇಎಸ್‌ಪಿ32 ಎಂಬ ಪುಟ್ಟ ಮೈಕ್ರೊಕಂಟ್ರೋಲರ್‌ನಲ್ಲಿ ಅಂಕಿಗಳನ್ನು ದಾಖಲಿಸುವ ಒಂದು ಲಾಗರ್. ಫ್ರೀಕ್ವೆನ್ಸಿ, ಎನ್‌ಟಿಸಿ, ಮೋಟರಿನ ಟ್ಯಾಕೊ (ವೇಗದ ಸಿಗ್ನಲ್) ಮೂರೂ ಒಂದೇ ಗ್ರಾಫಿನಲ್ಲಿ ಬೇಕು. ಮೇನ್ಸ್‌ನಿಂದ ಐಸೊಲೇಶನ್ ಕಡ್ಡಾಯ, ಅದಕ್ಕೆ ಬೆಳಕಿನಲ್ಲಿ ಸಿಗ್ನಲ್ ದಾಟಿಸುವ ಆಪ್ಟೊಕಪ್ಲರ್ ಬೇಕು. ಪಿಸಿ817 ಈ ವೇಗಕ್ಕೆ ಸೋಮಾರಿ, 25 ಕಿಲೋಹರ್ಟ್ಜ್ ಅಂದರೆ ಒಂದು ಸುತ್ತಿಗೆ 40 ಮೈಕ್ರೊಸೆಕೆಂಡ್ ಅಷ್ಟೇ. ವೇಗದ ಆಪ್ಟೊಕಪ್ಲರ್ 6ಎನ್137 ಹಾಕುತ್ತೇನೆ, ಅದರ ಎಲ್‌ಇಡಿ ಓಡಿಸುವ ಶಕ್ತಿ ಸೆನ್ಸರಿಗೆ ಇರಲ್ಲ, ಹಾಗಾಗಿ ಮುಂದೆ ಒಂದು 74ಎಚ್‌ಸಿ14 ಬಫರ್. ಬಿಡಿಭಾಗ ಮಾತ್ರ ಈ ಸಲ ಬೇರೆ ಕಡೆಯಿಂದ ತರಿಸುತ್ತೇನೆ.