ಮಣ್ಣಿನ ಕುಂಡ, ಮಾಗಿ ಥಂಡಿ

ಬೀದರ್, ಜನವರಿ 12, 2025, ಭಾನುವಾರ

ಇವತ್ತು ಬೆಳಿಗ್ಗೆ ಮೆಣಸಿನ ಸಸಿ ತಲೆ ಎತ್ತಿವೆ. ಒಂದಲ್ಲ, ಒಂಬತ್ತು. ಟ್ರೇ ಮುಂದೆ ಕುಕ್ಕರುಗಾಲಲ್ಲಿ ಕೂತವನಿಗೆ ಚಹಾ ಆರಿದ್ದೇ ಗೊತ್ತಾಗಲಿಲ್ಲ. ಒಂದು ಸಸಿ ಇನ್ನೂ ಕತ್ತು ಬಗ್ಗಿಸಿಕೊಂಡೇ ಇದೆ. ಎಲೆ ತುದಿಗೆ ಬೀಜದ ಸಿಪ್ಪೆ ಟೋಪಿ ಥರ ಸಿಕ್ಕಿಕೊಂಡಿದೆ. ಎಳೆಯೋಕೆ ಕೈ ತುರಿಸಿತು. ಎಳೆದರೆ ಎಲೆಯೇ ಕಿತ್ತು ಬರುತ್ತೆ. ಒಂದು ಹನಿ ನೀರು ಬಿಟ್ಟು ಸುಮ್ಮನಾದೆ.

ಡಿಸೆಂಬರ್ 15ಕ್ಕೆ ಹಾಕಿದ ಮೊದಲ ಬೀಜದ ಕಥೆ ಬೇರೆ. ಮೆಣಸಿನಕಾಯಿ, ಬದನೆ, ಟೊಮೆಟೊ ಮೂರನ್ನೂ ಮಾಳಿಗೆ ಮೇಲಿನ ಮಣ್ಣಿನ ಕುಂಡಗಳಿಗೆ ಹಾಕಿದ್ದೆ. ದಿನಾ ಆಫೀಸಿಂದ ಬಂದು ಸಂಜೆ ನೀರು. ಹದಿನೈದು ದಿನವಾದರೂ ಒಂದೂ ಹುಟ್ಟಲಿಲ್ಲ. ಹಳೇ ಬೀಜ ಕೊಟ್ಟಿದ್ದಾನೆ ಅಂತ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ದಿನ ಚರಗ (ಭೂತಾಯಿಯ ಎಡೆ) ಚೆಲ್ಲೋಕೆ ಹೊಲಕ್ಕೆ ಹೋಗಿದ್ದೆವು. ಅದೇ ಥಂಡಿಯಲ್ಲಿ ಕಡಲೆ ಹೂ ಬಿಟ್ಟು ಖುಷಿಯಾಗಿತ್ತು. ಸಂಜೆ ಮನೆಗೆ ಬಂದಾಗ ಅವ್ವ ನನ್ನ ಬೋಳು ಕುಂಡದ ಮಣ್ಣು ಮುಟ್ಟಿ ನೋಡಿದಳು.

"ಬರ್ಫ್ ಆಗ್ಯಾದಲ್ಲೋ! ಮಡಕಿ ಕಾಳು ಮೊಳಕಿ ಒಡಸೋವಾಗ ಹೊರಗ ಥಂಡ್ಯಾಗ ಇಡ್ತೇನು?"

ಆಗ ಹೊಳೆಯಿತು. ಬೇಸಿಗೆಯಲ್ಲಿ ಮಣ್ಣಿನ ಕೊಡ ನೀರನ್ನು ತಣ್ಣಗಿಡುತ್ತಲ್ವಾ? ಮೈಯಿಂದ ಜಿನುಗಿದ ನೀರು ಗಾಳಿಗೆ ಆರುತ್ತಾ ಒಳಗಿನ ಶಾಖ ಎಳೆದುಕೊಳ್ಳುತ್ತೆ. ನನ್ನ ಕುಂಡವೂ ರಾತ್ರಿಯಿಡೀ ಅದೇ ಕೆಲಸ ಮಾಡುತ್ತಿತ್ತು. ಬೆಳಗಿನ ಜಾವ 12 ಡಿಗ್ರಿ, ಒಣ ಗಾಳಿ, ಅದರ ಮೇಲೆ ನನ್ನ ಸಂಜೆಯ ನೀರು. ಮೆಣಸಿನ ಬೀಜ ಚೆನ್ನಾಗಿ ಮೊಳೆಯೋಕೆ ಮಣ್ಣು 25ರಿಂದ 30 ಡಿಗ್ರಿ ಬೆಚ್ಚಗಿರಬೇಕು. 15ರ ಕೆಳಗೆ ಅದು ಮಲಗಿಯೇ ಇರುತ್ತೆ. ಪಾಪ, ಅಂಗಡಿಯವನು.

ಅವತ್ತೇ ರಾತ್ರಿ ಉಳಿದ ಬೀಜ ನೆನೆಹಾಕಿದೆ. ಬೆಳಿಗ್ಗೆ ಅವ್ವ ಹಳೇ ಧೋತರದ ತುಂಡಿನಲ್ಲಿ ಕಟ್ಟಿ ಡಬ್ಬಿಗೆ ಹಾಕಿದಳು. ಹಗಲು ಒಲೆ ಪಕ್ಕದ ಕಟ್ಟೆ ಮೇಲೆ, ರಾತ್ರಿ ಟಿವಿ ಸೆಟ್‌ಟಾಪ್ ಬಾಕ್ಸ್ ಮೇಲೆ. ಎರಡನೆಯದು ನನ್ನ ತಲೆ, ಅದು ಯಾವಾಗಲೂ ಬೆಚ್ಚಗಿರುತ್ತೆ. ಏಳನೇ ದಿನ ಗಂಟು ಬಿಚ್ಚಿದರೆ ಸೂಜಿಮೊನೆಯಷ್ಟು ಬಿಳಿ ಬೇರು. ಅವನ್ನು ಪ್ಲಾಸ್ಟಿಕ್ ಟ್ರೇಗೆ ಕೂರಿಸಿ, ಮೇಲೆ ತೆಳ್ಳಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉದುರಿಸಿದೆ. ನೀರು ಈಗ ಬೆಳಿಗ್ಗೆ ಮಾತ್ರ, ಅದೂ ಚಿಮುಕಿಸುವಷ್ಟೇ. ಇವತ್ತಿಂದ ಹಗಲೆಲ್ಲಾ ಬಿಸಿಲಿಗೆ. ಮೊಳೆಯೋವರೆಗೆ ಬೆಚ್ಚಗಿದ್ದರೆ ಸಾಕು, ಮೊಳೆತ ಮೇಲೆ ಬೆಳಕಿಲ್ಲದಿದ್ದರೆ ನೂಲಿನಂತೆ ಉದ್ದ ಬೆಳೆದು ಬಿದ್ದುಹೋಗುತ್ತವೆ.

ರಾತ್ರಿ ಕೆನಡಾದ ವಿನಿಪೆಗ್‌ನಿಂದ ಅಕ್ಕ ವಿಡಿಯೋ ಕಾಲ್ ಮಾಡಿದಳು. ಅವಳು ಹಾಲಿನ ಪ್ಲಾಸ್ಟಿಕ್ ಕ್ಯಾನ್ ಅರ್ಧ ಕೊಯ್ದು, ತಳಕ್ಕೆ ತೂತು ಹಾಕಿ, ಮಣ್ಣು ತುಂಬಿ, ಬೀಜ ಹಾಕಿ ಹಿತ್ತಲ ಹಿಮದಲ್ಲಿ ಇಟ್ಟುಬಿಟ್ಟಿದ್ದಾಳೆ! ನಮ್ಮ ಎಕ್ಕದ ಬಳಗದ್ದೇ ಒಂದು ಕಾಡುಹೂವಿನ ಗಿಡವಂತೆ. ಕೆಲವು ವಾರ ಒದ್ದೆ ಥಂಡಿ ತಿನ್ನದೆ ಆ ಬೀಜ ಏಳುವುದಿಲ್ಲ, ಹಿಮ ಕರಗಿದ ಮೇಲೆ ತಾನಾಗೇ ಮೊಳೆಯುತ್ತೆ. ಟೊಮೆಟೊ ಮಾತ್ರ ಮಾರ್ಚ್ ಕೊನೆಗೆ ಮನೆಯೊಳಗೆ, ದೀಪದ ಕೆಳಗೆ. ಅಲ್ಲಿ ಮೇ ತಿಂಗಳಲ್ಲೂ ಇಬ್ಬನಿ ಹೆಪ್ಪುಗಟ್ಟಿ ಸಸಿ ಸುಟ್ಟುಹೋಗುತ್ತೆ.

ಅವ್ವ ಫೋನಿನೊಳಗೆ ಇಣುಕಿ ಆ ಬಿಳಿ ಹಿತ್ತಲನ್ನು ತುಂಬಾ ಹೊತ್ತು ನೋಡಿದಳು. ಎಷ್ಟು ಹೇಳಿದರೂ ನಂಬಲಿಲ್ಲ. "ನೀನೂ ಇವನ ಹಾಂಗೇ ಮಾಡ್ಲತ್ತಿ. ಒಳಗ ತಗೋ ಅವನ್ನ, ಪಾಪ."